ಡ್ರೈವರ್ ತಲೆಯ ಮೇಲಿನ ಹಾಸಿಗೆ

ಸ್ವಿಚ್ಚಿನ ಗುಂಡಿ ಒಂದು ಕಾಲದಲ್ಲಿ ಬಿಳಿಯದಾಗಿದ್ದಿರಬೇಕು. ನಾನು ನೋಡುವ ಹೊತ್ತಿಗೆ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಸುತ್ತಲಿನ ಕಂದು ಬಿಲ್ಲೆಯನ್ನು ಎರಡು ಸ್ಕ್ರೂಗಳು ಹಿಡಿದಿದ್ದವು. ಎರಡೂ ಒಂದೇ ಜಾತಿಯವಲ್ಲ. ಸವೆದಿದ್ದದ್ದು ಗುಂಡಿಯ ನಡುಭಾಗವಲ್ಲ, ಎಡ ಅಂಚು. ಅಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು. ಎದ್ದು ಕೂತು ನೋಡಿ ಒತ್ತುವವರು ನಡುವೆ ಒತ್ತುತ್ತಾರೆ. ಇದು ಮಲಗಿದ್ದಲ್ಲಿಂದಲೇ ಕೈ ಚಾಚಿ, ತಡಕಿ ಒತ್ತಿದವರ ಗುರುತು.

ಅದು ಇದ್ದದ್ದು ಒಂದು ಹಳೆಯ ವೋನ್‌ಮೊಬಿಲ್‌ನಲ್ಲಿ. ಒಲೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಬೆನ್ನ ಮೇಲೆ ಹೊತ್ತುಕೊಂಡು ಓಡುವ ಗಾಡಿಗೆ ಜರ್ಮನಿಯಲ್ಲಿ ಆ ಹೆಸರು. ನಾವು ಕೊಂಡದ್ದರಲ್ಲಿ ಡ್ರೈವರ್ ಸೀಟಿನ ಮೇಲೆ, ಹಣೆ ಮುಂದಕ್ಕೆ ಬಂದ ಹಾಗೆ ಒಂದು ಗೂಡು ಚಾಚಿಕೊಂಡಿತ್ತು. ಅದಕ್ಕೆ ಆಲ್ಕೋವನ್ ಎನ್ನುತ್ತಾರೆ. ಒಳಗೆ ಒಂದು ಹಾಸಿಗೆ, ಅಂಗೈ ಅಗಲದ ಎರಡು ಕಿಟಕಿ, ಹತ್ತಲು ಒಂದು ಏಣಿ. ಗುಂಡಿ ಇದ್ದದ್ದು ಅಲ್ಲಿ, ದಿಂಬಿನ ಪಕ್ಕದ ಹಲಗೆಯ ಮೇಲೆ.

ನಾನು ಅಲ್ಲಿನ ಶ್ವೀಬರ್ಡಿಂಗೆನ್ ಎಂಬ ಊರಿನಲ್ಲಿ ಕಾರುಗಳ ಎಲೆಕ್ಟ್ರಾನಿಕ್ಸ್ ಕೆಲಸ ಮಾಡುತ್ತೇನೆ. ನನ್ನ ಗಂಡನದು ಸಾಫ್ಟ್‌ವೇರ್. ಅವನಿಗೊಂದು ಹುಚ್ಚಿದೆ: ಓಡುವುದನ್ನು ನಿಲ್ಲಿಸಿದ ಹಳೆಯ ಕಾರುಗಳನ್ನು ತಂದು ಮತ್ತೆ ಓಡಿಸುವುದು. ಸತ್ತ ಕಾರು ತಾನಾಗಿ ಬರುವುದಿಲ್ಲ. ಅದನ್ನು ಹೊತ್ತು ತರಲು ಇನ್ನೊಂದು ಗಾಡಿ ಬೇಕು. ದಾರಿ ತೋರಿಸಿದವನು ಅವನ ಸ್ನೇಹಿತ. ಹುಬ್ಬಳ್ಳಿಯವನು, ಇಲ್ಲಿ ಡಿಸೈನ್ ಎಂಜಿನಿಯರ್. ಅವನ ಅಬ್ಬಾ ಹುಬ್ಬಳ್ಳಿಯಲ್ಲಿ ಲಾರಿಗಳ ಬಾಡಿ ಕಟ್ಟುವ ಗ್ಯಾರೇಜು ನಡೆಸುತ್ತಿದ್ದರಂತೆ, ವೆಲ್ಡಿಂಗ್ ಕಲಿತದ್ದು ಅಲ್ಲೇ.

"ಹಳೇ ವೋನ್‌ಮೊಬಿಲ್ ತಗೋ ಮಗಾ. ಮ್ಯಾಲಿನ ಮನಿ ಕೊಯ್ದು ಒಗೀ. ತಳಗ ಉದ್ದನ್ನ ಚಾಸಿ ಸಿಗ್ತದ. ಅದರ ಮ್ಯಾಲೆ ಎರಡು ಪಟ್ಟಿ, ಒಂದು ವಿಂಚ್. ಮುಗೀತು."

ಗಾಡಿ ಸಿಕ್ಕಿದ್ದು ಒಂದು ಅಕ್ಟೋಬರಿನಲ್ಲಿ, ನಮ್ಮ ಊರಿನಿಂದ ಅರ್ಧ ಗಂಟೆಯ ಹಳ್ಳಿಯಲ್ಲಿ. ಮಾರುತ್ತಿದ್ದವರು ಎಂಬತ್ತರ ಆಸುಪಾಸಿನ ಒಬ್ಬ ಹೆಂಗಸು. ಒಂಟಿ. ಬಟ್ಟೆ ಹೊಲಿಯುವ ಕೆಲಸ ಮಾಡಿ ನಿವೃತ್ತರಾದವರು. ಕಿಟಕಿಯ ಪರದೆಗಳು, ಸೀಟಿನ ಕವರುಗಳು ಎಲ್ಲ ಅವರದೇ ಹೊಲಿಗೆ. ನನ್ನ ಗಂಡ ಗಾಡಿಯ ಕೆಳಗೆ ಮಲಗಿ ಟಾರ್ಚು ಹಿಡಿದು ಚಾಸಿಯ ತುಕ್ಕು ನೋಡುತ್ತಿದ್ದ. ಅವನ ಆಫೀಸಿನಲ್ಲಿ ಇಂಗ್ಲಿಷ್ ಸಾಕು, ಜರ್ಮನ್ ಅವನಿಗೆ ಅಂಗಡಿಯಲ್ಲಿ ಬ್ರೆಡ್ ಕೇಳುವಷ್ಟು. ಅರ್ಧಂಬರ್ಧ ತಿಳಿದು ಬದುಕಲು ನನಗೆ ಆಗುವುದಿಲ್ಲವಾದ್ದರಿಂದ ನಾನು ಸಂಜೆ ತರಗತಿಗೆ ಹೋಗಿ ಕಲಿತೆ. ಹಾಗಾಗಿ ನಮ್ಮ ಮನೆಗೆ ಬರುವ ಕಾಗದ, ಫೋನು, ಮಾತು ಎಲ್ಲವೂ ನನ್ನ ಮೂಲಕವೇ ಅವನಿಗೆ ತಲುಪುತ್ತವೆ.

ಆ ಹೆಂಗಸು ಏಣಿಯ ಮೇಲೆ ಕೈಯಿಟ್ಟು ನಿಂತು ನನಗೆ ಹೇಳಿದರು. "ನನ್ನ ಗಂಡ ಮೇಲೆ ಮಲಗುತ್ತಿದ್ದರು, ನಾನು ಹಿಂದೆ. ನನಗೆ ಏಣಿ ಹತ್ತಲು ಯಾವತ್ತೂ ಆಗುತ್ತಿರಲಿಲ್ಲ. ಅವರು ಅಲ್ಲೇ ತೀರಿಕೊಂಡರು. ಸರೋವರದ ಪಕ್ಕ ನಿಲ್ಲಿಸಿದ್ದೆವು. ಬೆಳಿಗ್ಗೆ ಕಾಫಿ ಮಾಡಿ ಕರೆದೆ."

ಆಮೇಲೆ ಏಣಿಯಿಂದ ಕೈ ತೆಗೆದು ಅಂದರು: "ಉಳಿದದ್ದನ್ನು ಏನು ಬೇಕಾದರೂ ಮಾಡಿಕೊಳ್ಳಿ. ಆ ಹಾಸಿಗೆಯನ್ನು ಮಾತ್ರ ಬಿಚ್ಚಬೇಡಿ. ಹಾಗೇ ಇರಲಿ."

ಅವರು ಕೈ ಚಾಚಿದರು. ನಾನು ಹಿಡಿದುಕೊಂಡು, ಸರಿ, ಬಿಚ್ಚುವುದಿಲ್ಲ ಎಂದೆ.

ಗಂಡ ಗಾಡಿಯ ಕೆಳಗಿನಿಂದಲೇ ಕೇಳಿದ, "ಏನಂತೆ?"

"ಹುಷಾರಾಗಿ ಓಡಿಸಿ ಅಂತಿದಾರೆ," ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ನನಗೆ ಹದಿಮೂರು ವರ್ಷವಾಗಿದ್ದಾಗ ಅಪ್ಪ ಮೈಸೂರಿನ ನಮ್ಮ ಬಾಡಿಗೆ ಮನೆಯಲ್ಲಿ, ಬೆಳಗಿನ ಜಾವ, ತೀರಿಕೊಂಡರು. ಪುರೋಹಿತರು ಪಂಚಾಂಗ ನೋಡಿ, ನಕ್ಷತ್ರ ಸರಿಯಿಲ್ಲ, ಧನಿಷ್ಠಾ ಪಂಚಕ, ಮನೆ ಬಿಡಬೇಕು ಎಂದರು. ಎಷ್ಟು ತಿಂಗಳು ಎಂಬುದರಲ್ಲಿ ಇಬ್ಬರು ಪುರೋಹಿತರ ಮಾತು ಬೇರೆಬೇರೆಯಾಗಿತ್ತು. ಮನೆಯ ಮಾಲೀಕರು ಹೆಚ್ಚು ಹೇಳಿದವರ ಮಾತನ್ನೇ ಹಿಡಿದರು. ಆರು ತಿಂಗಳು. ಅಮ್ಮ ಮತ್ತು ನಾನು ಎರಡು ಚೀಲ ಹಿಡಿದು ಚಿಕ್ಕಮ್ಮನ ಮನೆಗೆ ಹೋದೆವು. ಹಿಂದಿರುಗಿ ನೋಡಬಾರದು ಎಂದಿದ್ದರು, ನೋಡಲಿಲ್ಲ. ಆರು ತಿಂಗಳ ನಂತರ ಬೀಗ ತೆಗೆದಾಗ ಕ್ಯಾಲೆಂಡರು ಅದೇ ತಿಂಗಳಲ್ಲಿತ್ತು. ಅಪ್ಪನ ಮಂಚದ ಪಕ್ಕದ ಲೋಟದಲ್ಲಿ ನೀರು ಆರಿ, ಒಳಗೋಡೆಯ ಮೇಲೆ ಬಿಳಿ ಗೆರೆಗಳು ಒಂದರ ಕೆಳಗೊಂದು ಉಳಿದಿದ್ದವು. ನಾವು ಅಲ್ಲಿ ಮತ್ತೆ ವಾಸ ಮಾಡಲಿಲ್ಲ. ಸಾಮಾನು ತೆಗೆದುಕೊಂಡು ಬಂದೆವು, ಅಷ್ಟೇ. ಒಂದು ಸಾವು ಗೊತ್ತಾದ ಮೇಲೆ ಜಾಗ ಏನಾಗುತ್ತದೆ ಎಂದು ನಾನು ನೋಡಿದ್ದೆ. ಗಾಡಿಯ ಕೆಳಗಿನಿಂದ ಗಂಡ ಕೇಳಿದಾಗ ಅವನ ದನಿಯಲ್ಲಿ ಖುಷಿಯಿತ್ತು. ತುಕ್ಕು ಕಡಿಮೆಯಿತ್ತು.

ಆ ಭಾನುವಾರ ಗಾಡಿಗೆ ಪೂಜೆ. ನಮ್ಮ ಊರಿನ ಅಂಚಿನ ರೈತರೊಬ್ಬರು ತಮ್ಮ ಶೆಡ್ಡಿನ ಒಂದು ಮೂಲೆಯನ್ನು ನಮಗೆ ಕೆಲಸಕ್ಕೆ ಬಿಟ್ಟುಕೊಟ್ಟಿದ್ದರು. ಅತ್ತೆ ಮೈಸೂರಿನಿಂದ ವಿಡಿಯೋ ಕಾಲ್‌ನಲ್ಲಿದ್ದರು. ಫೋನನ್ನು ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿಸಿ ನಿಲ್ಲಿಸಿದ್ದೆವು.

"ಬೂದುಗುಂಬಳ ಸಿಗ್ಲಿಲ್ವೇನೋ?"

"ಇಲ್ಲ ಅಮ್ಮ. ಇಲ್ಲಿ ಈ ಕೆಂಪುದೇ ಸಿಗೋದು. ಸೂಪ್ ಮಾಡ್ತಾರೆ."

"ಸೂಪಿನ ಕಾಯಿಗೆ ದೃಷ್ಟಿ ಹೋಗತ್ತಾ?"

ಹುಬ್ಬಳ್ಳಿಯವನು ಕ್ಯಾಮೆರಾದೊಳಗೆ ತಲೆ ತೂರಿಸಿದ. "ಹೋಗ್ತದ್ರೀ ಅಮ್ಮಾ. ಇಲ್ಲಿ ಮಂದಿ ದೃಷ್ಟಿನೂ ಸಣ್ಣದಿರ್ತದ. ಇಷ್ಟು ಸಾಕು."

ಅತ್ತೆ ನಕ್ಕರು. ಆಮೇಲೆ ನನ್ನನ್ನು ಕರೆದರು. "ನೀನು ಹೇಳಮ್ಮ. ನಿನಗೆ ಅವ್ರ ಭಾಷೆ ಬರತ್ತೆ. ಯಾಕೆ ಮಾರಿದ್ರಂತೆ? ಗಾಡೀಲಿ ಏನೂ ಆಗಿಲ್ಲ ತಾನೆ? ವಿಚಾರಿಸಿದ್ಯಾ?"

"ಏನೂ ಆಗಿಲ್ಲ ಅತ್ತೆ. ಅಜ್ಜಿಗೆ ಓಡ್ಸೋಕೆ ಆಗಲ್ಲ, ಅದಕ್ಕೆ."

ಗಂಡನಿಗೆ ಹೇಳದೇ ಇದ್ದದ್ದು ಒಂದು. ಅತ್ತೆಗೆ ಇಲ್ಲ ಎಂದದ್ದು ಇನ್ನೊಂದು. ಮೊದಲನೆಯದನ್ನು ಯಾವಾಗ ಬೇಕಾದರೂ ಸರಿ ಮಾಡಬಹುದಿತ್ತು. ಎರಡನೆಯದು ಮುಗಿದುಹೋಯಿತು. ಆರತಿಯ ಕರ್ಪೂರ ಇನ್ನೂ ಉರಿಯುತ್ತಿತ್ತು. ಗಂಡ ಗಾಡಿಯನ್ನು ಮುಂದಕ್ಕೆ ತಂದ, ಚಕ್ರದ ಕೆಳಗಿನ ನಿಂಬೆಹಣ್ಣು ಒಡೆಯಿತು. ರೈತರ ನಾಯಿ ಬಂದು ಮೂಸಿ, ಸೀನಿ, ಹೋಯಿತು.

ಮೊದಲು ಒಳಗಿನದನ್ನೆಲ್ಲ ಬಿಚ್ಚಬೇಕಿತ್ತು. ಆ ಕೆಲಸ ನನ್ನದು. ಗಾಡಿಯ ಒಳಗೆ ಬೀರು, ಒಲೆ, ಬಚ್ಚಲಿನ ಪ್ಲಾಸ್ಟಿಕ್ ಗೋಡೆ, ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕೊನೆಯಲ್ಲಿ ಜೋಡಿಸಿದ್ದನ್ನು ಮೊದಲು ಬಿಚ್ಚಬೇಕು. ಯಾವುದು ಕೊನೆಯದು ಎಂದು ಸ್ಕ್ರೂಗಳನ್ನು ನೋಡಿ ಊಹಿಸಬೇಕು. ಹಿಂದಿನ ಹಾಸಿಗೆಯ ತಲೆಯ ಬದಿಯಲ್ಲಿ ತೂತುಗಳಿದ್ದ ಒಂದು ಪುಟ್ಟ ಪೆಟ್ಟಿಗೆ ಸಿಕ್ಕಿತು. ಗ್ಯಾಸ್ ಸೋರಿದರೆ ಕೂಗುವ ಯಂತ್ರವಿರಬೇಕು ಎಂದುಕೊಂಡು ಬಿಚ್ಚಿ, ಬ್ಯಾಟರಿಗೆ ಹಿಡಿದೆ. ಅದು ಸಿಟ್ಟಿಗೆದ್ದ ಜೇನ್ನೊಣದ ಹಾಗೆ ಗರ್ರೆಂದಿತು. ಗಂಡನ ಕೈಯಿಂದ ಸ್ಪ್ಯಾನರ್ ಬಿತ್ತು.

"ಏನೇ ಅದು?"

"ಬಜರ್."

"ಯಾರನ್ನ ಎಬ್ಸೋಕೆ ಅಷ್ಟು ಜೋರು?"

ಆಗ ನನಗೆ ಗೂಡಿನ ಗುಂಡಿಯ ನೆನಪಾಯಿತು. ಆ ಗುಂಡಿಯನ್ನು ಮೊದಲ ದಿನವೇ ಒತ್ತಿ ನೋಡಿದ್ದೆ. ಆಗ ಬ್ಯಾಟರಿ ಜೋಡಿಸಿತ್ತು, ದೀಪಗಳೆಲ್ಲ ಹತ್ತುತ್ತಿದ್ದವು, ಆದರೂ ಏನೂ ಆಗಿರಲಿಲ್ಲ. ಎಲ್ಲೋ ಫ್ಯೂಸ್ ಹೋಗಿರಬೇಕು ಎಂದು ಬಿಟ್ಟಿದ್ದೆ. ಮೇಲಿನಿಂದ ಗಂಡ ಒತ್ತುತ್ತಿದ್ದರು, ಹಿಂದೆ ಹೆಂಡತಿಯ ತಲೆಯ ಪಕ್ಕ ಅದು ಗರ್ರೆನ್ನುತ್ತಿತ್ತು. ಬಜರನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟೆ. ವೈರನ್ನು ಹಿಡಿದು ಎಲ್ಲಿ ತುಂಡಾಗಿದೆ ಎಂದು ಹುಡುಕಬಹುದಿತ್ತು. ಆಫೀಸಿನಲ್ಲಿ ದಿನವೂ ಮಾಡುವುದು ಅದನ್ನೇ. ಹುಡುಕಲಿಲ್ಲ.

ನವೆಂಬರಿನಲ್ಲಿ ಮನೆಯನ್ನು ಕೊಯ್ದರು. ಹುಬ್ಬಳ್ಳಿಯವನು ಗ್ರೈಂಡರ್ ಹಿಡಿದು ಮುಂದಿನ ಸೀಟುಗಳ ಹಿಂದೆ ಒಂದು ಗೆರೆ ಎಳೆದ. ಗೆರೆ ಎಲ್ಲಿ ಬರಬೇಕು ಎಂದು ತೀರ್ಮಾನಿಸಿದವಳು ನಾನು. ಆಲ್ಕೋವನ್ ಮತ್ತು ಅದರ ಏಣಿ ಉಳಿಯುವ ಹಾಗೆ.

"ದೂರ ಹೋದಾಗ ಮಲಗೋಕೆ ಜಾಗ ಬೇಕಲ್ಲ," ಎಂದಿದ್ದೆ. ಇಬ್ಬರಿಗೂ ಅದು ಒಳ್ಳೆಯ ಯೋಚನೆ ಎನಿಸಿತು. ನಕ್ಷೆ ಬರೆದುಕೊಟ್ಟೆ. ಕೊಟ್ಟ ಮಾತು ನಕ್ಷೆಯೊಳಗೆ ಯಾರಿಗೂ ಕಾಣದಂತೆ ಕೂತಿತು.

"ಭಾಭಿ ಸುಮ್ಮನದಾರಂದ್ರ ಲೆಕ್ಕ ಹಾಕ್ಲಿಕತ್ತಾರಂತ ತಿಳ್ಕೋ," ಎಂದು ಹುಬ್ಬಳ್ಳಿಯವನು ಗಂಡನಿಗೆ ಹೇಳುತ್ತಿದ್ದ.

ಕೊಯ್ದ ಮೇಲೆ ಗಾಡಿ ವಿಚಿತ್ರವಾಗಿ ಕಾಣುತ್ತಿತ್ತು. ಹಿಂದೆಲ್ಲ ಬರೀ ಎಲುಬು. ಮುಂದೆ ಮುಖ, ಮುಖದ ಮೇಲೆ ಆ ದಪ್ಪ ಹಣೆ. ಇಡೀ ಚಳಿಗಾಲ ಶನಿವಾರ ಭಾನುವಾರ ನಾವು ಅದರ ಸುತ್ತ ಇದ್ದೆವು. ಅವರಿಬ್ಬರೂ ಅಡ್ಡಪಟ್ಟಿಗಳನ್ನು ವೆಲ್ಡ್ ಮಾಡಿದರು, ಕಾರಿನ ಚಕ್ರ ಹತ್ತಿ ಕೂರುವ ಎರಡು ಅಲ್ಯೂಮಿನಿಯಂ ಹಳಿಗಳನ್ನು ಕೂರಿಸಿದರು, ಕಾರನ್ನು ಎಳೆದುಕೊಳ್ಳುವ ವಿಂಚ್ ಜೋಡಿಸಿದರು. ನಾನು ಹಿಂದಿನ ದೀಪಗಳ ವೈರಿಂಗ್ ಮಾಡಿದೆ.

ಮಧ್ಯಾಹ್ನ ಬಿಸಿಲು ಶೆಡ್ಡಿನ ಬಾಗಿಲಿನಿಂದ ಗೂಡಿನ ಮೇಲೆ ಬೀಳುತ್ತಿತ್ತು. ನಾಲ್ಕು ಗಂಟೆಗೆ ಹೋಗುತ್ತಿತ್ತು. ಹೋದ ಮೇಲೆ ಒಳಗಿನಿಂದ ಟಕ್ ಎಂದು ಒಂದು ಸದ್ದು, ಸ್ವಲ್ಪ ಹೊತ್ತಿಗೆ ಇನ್ನೊಂದು. ಹೊರಗಿನ ಅಲ್ಯೂಮಿನಿಯಂ ಬೇಗ ತಣ್ಣಗಾಗುತ್ತದೆ, ಒಳಗಿನ ಮರ ತಡವಾಗಿ. ಎರಡೂ ಕುಗ್ಗುವ ವೇಗ ಬೇರೆ, ಅದಕ್ಕೆ ಸದ್ದು. ಇದು ನನಗೆ ಗೊತ್ತು. ಗೊತ್ತಿದ್ದೂ ಪ್ರತಿ ಸಲ ತಲೆಯೆತ್ತಿ ನೋಡುತ್ತಿದ್ದೆ.

ಒಂದು ಸಂಜೆ ಅವರಿಬ್ಬರೂ ಟೀ ಮಾಡಲು ಹೋಗಿದ್ದಾಗ ಏಣಿ ಹತ್ತಿ ಅಲ್ಲಿ ಮಲಗಿದೆ. ಚಾವಣಿ ಮುಖದಿಂದ ಎರಡು ಗೇಣು. ಮುಂಬದಿಯ ಮೂಲೆಯಲ್ಲಿ ನೀರು ಸೋರಿದ ಕಲೆಗಳು, ಒಂದರ ಸುತ್ತ ಒಂದು, ಕಂದು ಉಂಗುರಗಳು. ಕೈ ತಾನಾಗಿ ಚಾಚಿಕೊಂಡಿತು, ಹೆಬ್ಬೆರಳು ತಗ್ಗಿನಲ್ಲಿ ಕೂತಿತು. ಒತ್ತಿದೆ. ಹಿಂದೆ ಈಗ ಹಾಸಿಗೆಯೇ ಇಲ್ಲ, ಗೋಡೆಯೂ ಇಲ್ಲ. ಆದರೂ ಒತ್ತಿ ಕಾದೆ. ಅದಾದ ಮೇಲೆ ಶೆಡ್ಡಿಗೆ ಹೋದಾಗಲೆಲ್ಲ ಒಂದು ಸಲ ಏಣಿ ಹತ್ತಿ ಒತ್ತಿ ಇಳಿಯುವುದು ಅಭ್ಯಾಸವಾಯಿತು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನೂ ಇರಲಿಲ್ಲ.

ಮಾರ್ಚಿನಲ್ಲಿ ಪಕ್ಕದ ಜಲ್ಲಿ ಕ್ವಾರಿಯ ತೂಕದ ಕಟ್ಟೆಯ ಮೇಲೆ ಗಾಡಿಯನ್ನು ನಿಲ್ಲಿಸಿದೆವು. ಇಲ್ಲಿ ಇಂಥ ಗಾಡಿ ಹೊರೆ ಸೇರಿ ಮೂರೂವರೆ ಟನ್ ದಾಟಬಾರದು. ಗಂಡ ನ್ಯೂರೆಂಬರ್ಗ್‌ನಲ್ಲಿ ಒಂದು ಹಳೆಯ ಕಾರು ನೋಡಿಟ್ಟಿದ್ದ. ಅದರ ಒಡೆಯರಿಗೆ ತಿಂಗಳ ಕೊನೆಯೊಳಗೆ ಗ್ಯಾರೇಜು ಖಾಲಿಯಾಗಬೇಕಿತ್ತು, ಇಲ್ಲವಾದರೆ ಗುಜರಿಗೆ ಕೊಡುವೆನೆಂದಿದ್ದರು. ಆ ಕಾರಿನ ತೂಕ ಕೂಡಿಸಿದರೆ ನೂರಹತ್ತು ಕಿಲೋ ಹೆಚ್ಚಾಗುತ್ತಿತ್ತು.

ಮರುವಾರ ತಪಾಸಣೆಯ ಎಂಜಿನಿಯರ್ ಬಂದರು. ಅವರ ಒಪ್ಪಿಗೆ ಇಲ್ಲದೆ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ. ಹಳಿಗಳ ವೆಲ್ಡಿಂಗ್ ನೋಡಿ ಚೆನ್ನಾಗಿದೆ ಎಂದರು. ಹುಬ್ಬಳ್ಳಿಯವನ ಎದೆ ಉಬ್ಬಿತು. ಆಮೇಲೆ ಆಲ್ಕೋವನ್‌ನ ತಳಕ್ಕೆ ಬೆರಳ ಗೆಣ್ಣಿನಿಂದ ಕುಟ್ಟಿದರು.

"ಇದು ಯಾವುದರ ಆಧಾರದ ಮೇಲೆ ನಿಂತಿದೆ?"

ನಾನು ಗೂಡಿನ ಕಡೆ ನೋಡಿದೆ.

"ಹಿಂದಿನ ಮನೆಯ ಗೋಡೆಗಳೇ ಇದಕ್ಕೆ ಆಧಾರವಾಗಿದ್ದವು. ಅವನ್ನು ನೀವು ತೆಗೆದಿದ್ದೀರಿ. ಒಳಗಿನ ಮರ ಕೊಳೆತಿದೆ, ಸದ್ದಿನಲ್ಲೇ ಗೊತ್ತಾಗುತ್ತದೆ. ಇದನ್ನು ತೆಗೆಯಿರಿ, ನಾನು ಸಹಿ ಹಾಕುತ್ತೇನೆ."

ಇದನ್ನು ನಾನು ಗಂಡನಿಗೆ ಪೂರ್ತಿಯಾಗಿ ಕನ್ನಡದಲ್ಲಿ ಹೇಳಿದೆ. ತಪಾಸಣೆಯವರ ಮಾತನ್ನು ಮುಚ್ಚಿಡುವಂತಿರಲಿಲ್ಲ.

"ಸರಿ ತೆಗ್ದುಬಿಡೋಣ," ಎಂದ ಅವನು. "ತೂಕದ್ದೂ ಮುಗಿಯತ್ತೆ."

"ಬೇಡ."

"ಯಾಕೆ?"

"ಮಲಗೋಕೆ ಜಾಗ ಬೇಕು."

"ಹೋಟ್ಲಲ್ಲಿ ಮಲಗೋಣ."

"ಹೊಸದಾಗಿ ಫ್ರೇಮ್ ಮಾಡಿ ಕಟ್ಟಬಹುದು."

ಹುಬ್ಬಳ್ಳಿಯವನು ತಲೆಯಾಡಿಸಿದ. "ಫ್ರೇಮ್ ಕಟ್ಟಿದ್ರ ಇನ್ನೂ ತೂಕ ಏರ್ತೈತ್ರಿ ಭಾಭಿ. ಲೆಕ್ಕ ನಿಮಗ ಹೇಳಿಕೊಡಬೇಕೇನ್ರಿ?"

"ಅದೇ ನಾನೂ ಕೇಳ್ತಿರೋದು," ಎಂದ ಗಂಡ. "ನೂರಹತ್ತು ಕೆಜಿ ಬೇರೆ ಎಲ್ಲಿಂದ ತೆಗೀತೀಯ, ತೋರ್ಸು. ತೋರ್ಸಿದ್ರೆ ಬಿಟ್ಬಿಡ್ತೀನಿ. ಅದರಲ್ಲಿ ಅಂಥಾದ್ದೇನಿದೆ?"

ಆ ರಾತ್ರಿ ಕೂತು ಲೆಕ್ಕ ಹಾಕಿದೆ, ನೂರಹತ್ತು ಕಿಲೋ ಬೇರೆ ಎಲ್ಲೂ ಸಿಗಲಿಲ್ಲ. ನಾನು ಆ ಹೆಂಗಸಿಗೆ ಫೋನ್ ಮಾಡಲು ಎರಡು ಸಲ ಹೊರಟೆ. ಒಂದು ಸಲ ರಿಂಗ್ ಆಯಿತು. ಅವರು ಎತ್ತುವ ಮೊದಲೇ ಇಟ್ಟುಬಿಟ್ಟೆ. ಶುಕ್ರವಾರ ಗಂಡನಿಗೆ ಹೇಳಿದೆ: "ಸರಿ. ಆದ್ರೆ ನಾನೇ ಬಿಚ್ತೀನಿ. ನೀವಿಬ್ರೂ ಬರಬೇಡಿ."

ಅವನು ನನ್ನ ಮುಖ ನೋಡಿದ, ಮತ್ತೆ ಕೇಳಲಿಲ್ಲ. ಒಂದು ಸಲ ಕೇಳಿದ್ದನ್ನು ಮತ್ತೆ ಕೇಳದೇ ಇರುವುದು ಅವನ ಒಳ್ಳೆಯ ಗುಣ. ಆ ವಾರ ಅದೇ ನನಗೆ ಭಾರವಾಗಿತ್ತು.

ಶನಿವಾರ ಬೆಳಿಗ್ಗೆ ಒಬ್ಬಳೇ ಹೋದೆ. ಹಾಸಿಗೆಯನ್ನು ಮಡಿಚಿ ಇಳಿಸಿದೆ. ಪರದೆಗಳನ್ನು ಬಿಚ್ಚಿದೆ. ಒಳಅಂಚನ್ನು ಆ ಹೆಂಗಸು ಅಂಕುಡೊಂಕು ಹಲ್ಲಿನ ಟೈಲರ್ ಕತ್ತರಿಯಿಂದ ಕತ್ತರಿಸಿದ್ದರು, ದಾರ ಬಿಟ್ಟುಕೊಳ್ಳದಿರಲೆಂದು. ಆಮೇಲೆ ಒಳಗಿನ ಪ್ಲೈವುಡ್. ತೇವಕ್ಕೆ ಮೆತ್ತಗಾಗಿದ್ದ ಕಡೆ ಕೈಯಲ್ಲೇ ಕಿತ್ತು ಬಂತು. ಗುಂಡಿಯಿಂದ ಹೊರಟ ಚಪ್ಪಟೆ ವೈರು ಹಲಗೆಯ ಹಿಂದಿನಿಂದ ಏಣಿಯ ಕಡೆಗೆ ಇಳಿಯುತ್ತಿತ್ತು. ಅದನ್ನು ಹಿಡಿದುಕೊಂಡೇ ಇಳಿದೆ. ಏಣಿಯ ಪಕ್ಕ, ಕೆಳಗೆ ನಿಂತವರ ಮುಖದ ಎತ್ತರಕ್ಕೆ, ಅಂಗೈಯಷ್ಟು ಒಂದು ಮುಚ್ಚಳವಿತ್ತು. ಬಿಚ್ಚಿದೆ.

ಅಲ್ಲಿ ವೈರು ಎರಡಾಗಿತ್ತು. ನಮ್ಮ ಗ್ರೈಂಡರಿನ ಕೆಲಸವಲ್ಲ, ಅದು ಕೊಯ್ದ ಗೆರೆ ಇನ್ನೂ ಹಿಂದಕ್ಕಿತ್ತು. ತುದಿಗಳನ್ನು ಬೆಳಕಿಗೆ ಹಿಡಿದೆ. ವೈರಿನ ಹೊದಿಕೆಯ ತುದಿ ನೇರವಾಗಿರಲಿಲ್ಲ. ಅಂಕುಡೊಂಕಾಗಿತ್ತು, ಸಣ್ಣ ಸಣ್ಣ ಹಲ್ಲು. ಕೆಳಗೆ ಮಡಿಸಿಟ್ಟಿದ್ದ ಪರದೆಯ ಅಂಚಿನ ಪಕ್ಕ ಇಟ್ಟು ನೋಡಿದೆ. ಅದೇ ಹಲ್ಲು.

ಬಟ್ಟೆಯ ಕತ್ತರಿಯನ್ನು ಹೊಲಿಯುವವರು ಕಾಗದಕ್ಕೂ ತಾಗಿಸುವುದಿಲ್ಲ. ನನ್ನ ಚಿಕ್ಕಮ್ಮ ಹೊಲಿಯುತ್ತಿದ್ದರು. ಅವರ ಕತ್ತರಿಯಿಂದ ಒಮ್ಮೆ ನೋಟ್‌ಬುಕ್ಕಿನ ಹಾಳೆ ಕತ್ತರಿಸಿ ಬೆನ್ನಿಗೆ ಗುದ್ದು ತಿಂದಿದ್ದೇನೆ. ಅಂಥ ಕತ್ತರಿಯನ್ನು ತಾಮ್ರದ ತಂತಿಯ ಮೇಲೆ ಹಾಕಬೇಕಾದರೆ ಎಷ್ಟು ದಣಿದಿರಬೇಕು. ಕತ್ತರಿಸಿ, ತುದಿಗಳನ್ನು ಒಳಗೆ ತಳ್ಳಿ, ಮುಚ್ಚಳವನ್ನು ಹಾಕಿ ನಾಲ್ಕು ಸ್ಕ್ರೂ ನೀಟಾಗಿ ಬಿಗಿದಿದ್ದರು. ಮೇಲೆ ಮಲಗಿದವರಿಗೆ ಗೊತ್ತಾಗದಂತೆ. ಏಣಿ ಹತ್ತಲಾರದವರ ಕೈಗೂ ಎಟುಕುವ ಜಾಗ ಅದು.

ಬಿಚ್ಚಬೇಡಿ ಎಂದು ಅವರು ಕೈ ಹಿಡಿದು ಕೇಳಿದ್ದು ಹಾಸಿಗೆಯ ವಿಷಯವಾಗಿ ಎಂದು ನಾನು ತಿಳಿದಿದ್ದೆ.

ಏಣಿಯ ಕೆಳಮೆಟ್ಟಿಲಿನ ಮೇಲೆ ಕೂತೆ. ಕತ್ತರಿಸಿದ್ದು ಯಾವಾಗ? ಅವರ ಗಂಡ ತೀರಿಕೊಂಡ ರಾತ್ರಿಗೆ ಒಂದು ವಾರ ಮೊದಲೋ, ಒಂದು ವರ್ಷ ಮೊದಲೋ ತಿಳಿಯುವಂತಿಲ್ಲ. ಆ ರಾತ್ರಿ ಮೇಲೆ ಮಲಗಿದ್ದವರು ಒತ್ತಿದರೋ ಇಲ್ಲವೋ ಅದೂ ತಿಳಿಯುವಂತಿಲ್ಲ. ತಿಳಿಯಲಾರದ ಆ ಪ್ರಶ್ನೆಯನ್ನು ಆಕೆ ಎಷ್ಟು ವರ್ಷದಿಂದ ಆ ಮುಚ್ಚಳದ ಹಿಂದೆ ಇಟ್ಟುಕೊಂಡಿದ್ದರು. ನನಗೆ ಆ ಪ್ರಶ್ನೆಯ ಗುರುತಿದೆ. ಆ ಬೆಳಗಿನ ಜಾವ ಅಪ್ಪ ಒಂದು ಸಲ ನನ್ನನ್ನು ಕರೆದದ್ದು ಕೇಳಿಸಿತ್ತು. ಕನಸು ಎಂದುಕೊಂಡು ಮಗ್ಗಲು ಬದಲಿಸಿದೆ. ಅದನ್ನು ಅಮ್ಮನಿಗೂ ಹೇಳಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಗುಂಡಿಯನ್ನು ಬಿಚ್ಚಿದೆ. ಮಲ್ಟಿಮೀಟರಿನ ಎರಡು ಮೊನೆಗಳನ್ನು ಹಿಡಿದು ಒತ್ತಿದೆ. ಮೀಟರು ಸುಮ್ಮನಿತ್ತು. ಇನ್ನೊಮ್ಮೆ. ಬಿಲ್ಲೆಯನ್ನು ತೆರೆದರೆ ಒಳಗೆ ಸ್ಪ್ರಿಂಗ್ ಹಸಿರು ಪುಡಿಯಾಗಿತ್ತು, ಸಂಪರ್ಕದ ತುದಿ ತಿಂದುಹೋಗಿತ್ತು. ಚಾವಣಿಯಿಂದ ಸೋರಿದ ನೀರು ಹಲಗೆಯ ಹಿಂದಿನಿಂದ ಇಳಿದು ನೇರ ಇದರೊಳಗೆ ಬಂದಿತ್ತು. ಗುಂಡಿ ಸತ್ತಿತ್ತು. ವೈರು ಕತ್ತರಿಸದೇ ಇದ್ದಿದ್ದರೂ ಬಜರು ಕೂಗುತ್ತಿರಲಿಲ್ಲ.

ಆದರೆ ಎಂದಿನಿಂದ? ಕಲೆಯ ಉಂಗುರಗಳು ಬಹಳವಿದ್ದವು, ಸೋರಿಕೆ ಹಳೆಯದು. ಎಷ್ಟು ಹಳೆಯದು ಎಂದು ಯಾವ ಮೀಟರೂ ಹೇಳುವುದಿಲ್ಲ. ಆಫೀಸಿನ ವರದಿಯಾಗಿದ್ದರೆ ನಾನು ಬರೆಯುತ್ತಿದ್ದದ್ದು ಒಂದೇ ಮಾತು: ಕಾಲ ನಿರ್ಧರಿಸಲು ಸಾಧ್ಯವಿಲ್ಲ.

ಸಂಜೆಯೊಳಗೆ ಆಲ್ಕೋವನ್ ನೆಲಕ್ಕೆ ಇಳಿದಿತ್ತು. ಗಂಡ ಕಾರಿನಲ್ಲಿ ನನ್ನನ್ನು ಕರೆದುಕೊಂಡು ಹೋಗಲು ಬಂದಾಗ ಹೇಳಿದೆ. ಆ ಹೆಂಗಸಿನ ಗಂಡ ಅಲ್ಲಿ ತೀರಿಕೊಂಡದ್ದು, ನಾನು ಮಾತು ಕೊಟ್ಟದ್ದು, ಅವನಿಗೂ ಅತ್ತೆಗೂ ಸುಳ್ಳು ಹೇಳಿದ್ದು. ವೈರಿನ ವಿಷಯ ಹೇಳಲಿಲ್ಲ. ಅದು ನನ್ನದಲ್ಲ.

ಅವನು ಕಾರು ಸ್ಟಾರ್ಟ್ ಮಾಡಿದ.

"ನಾನು ಅಲ್ಲಿ ಮೂರು ನಾಲ್ಕು ಸಲ ಮಲಗಿದೀನಿ. ಮಧ್ಯಾಹ್ನ."

"ಗೊತ್ತು."

"ಹೇಳ್ಬಾರ್ದಾಗಿತ್ತಾ?"

"ಏನಾದ್ರೂ ಆಯ್ತಾ?"

"ಏನಿಲ್ಲ. ಒಳ್ಳೆ ನಿದ್ದೆ ಬಂತು." ಸ್ವಲ್ಪ ದೂರ ಹೋದ ಮೇಲೆ, "ಅಮ್ಮಂಗೆ ಹೇಳ್ಬೇಡ. ಗಾಡಿನೇ ಮಾರಿ ಅಂತಾಳೆ," ಎಂದ. ಇನ್ನೂ ಸ್ವಲ್ಪ ದೂರ ಹೋಗಿ, "ಆ ಅಜ್ಜಿಗೆ ಮಾತ್ರ ಹೇಳು. ಫೋನಲ್ಲಿ ಬೇಡ. ಹೋಗಿ ಹೇಳು."

ಮರುದಿನ ಬೆಳಿಗ್ಗೆ ಗುಂಡಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟೆ. ಆ ಹಳ್ಳಿಗೆ ಭಾನುವಾರ ಬಸ್ಸಿಲ್ಲ. ಸ್ಟೇಷನ್ನಿನಿಂದ ಸೇಬಿನ ತೋಟಗಳ ನಡುವೆ ನಡೆದೆ. ಅವರು ಬಾಗಿಲು ತೆರೆದು, ಒಳಗೆ ಕರೆದು, ಕಾಫಿ ಇಟ್ಟರು. ಆಲ್ಕೋವನ್ ತೆಗೆಯಬೇಕಾಯಿತು, ಮಾತು ಉಳಿಸಿಕೊಳ್ಳಲಾಗಲಿಲ್ಲ, ಕ್ಷಮಿಸಿ ಎಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಕಾರಣಗಳನ್ನು ಹೇಳಲಿಲ್ಲ. ಅವರು ಕಪ್ಪನ್ನು ತಟ್ಟೆಯ ಮೇಲೆ ತಿರುಗಿಸುತ್ತಿದ್ದರು.

"ಬಿಚ್ಚಿದವರು ಯಾರು?"

"ನಾನು. ಒಬ್ಬಳೇ. ಬೇರೆ ಯಾರೂ ಇರಲಿಲ್ಲ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಕರವಸ್ತ್ರ ಬಿಚ್ಚಿ ಗುಂಡಿಯನ್ನು ಮೇಜಿನ ಮೇಲೆ ಇಟ್ಟೆ.

"ಇದು ಕೆಟ್ಟುಹೋಗಿತ್ತು. ಸೋರಿದ ನೀರು ಒಳಗೆ ಹೋಗಿದೆ. ಒತ್ತಿದರೂ ಏನೂ ಆಗುತ್ತಿರಲಿಲ್ಲ. ನಾನು ಅಳೆದು ನೋಡಿದೆ. ಇದೇ ನನ್ನ ಕೆಲಸ."

ಅವರು ಗುಂಡಿಯನ್ನು ಮುಟ್ಟಲಿಲ್ಲ.

"ರಾತ್ರಿ ಮೂರು ಸಲ, ನಾಲ್ಕು ಸಲ ಒತ್ತುತ್ತಿದ್ದರು," ಎಂದರು. "ಗಂಟೆ ಎಷ್ಟು ಎಂದು ಕೇಳಲು. ಕೈಯಲ್ಲೇ ಗಡಿಯಾರವಿತ್ತು." ಆಮೇಲೆ ಕೇಳಿದರು, "ಎಂದಿನಿಂದ ಕೆಟ್ಟಿತ್ತು?"

"ಅವರು ಹೋಗುವುದಕ್ಕಿಂತ ಬಹಳ ಮೊದಲಿನಿಂದ," ಎಂದೆ.

ನನ್ನ ಜರ್ಮನ್ ವ್ಯಾಕರಣ ಆ ವಾಕ್ಯದಲ್ಲಿ ಸರಿಯಿತ್ತು, ದನಿಯೂ ಸರಿಯಿತ್ತು. ಅವರು ಎದ್ದು ಒಲೆಯ ಕಡೆ ಹೋದರು, ನನ್ನ ಕಪ್ಪಿಗೆ ಇನ್ನಷ್ಟು ಕಾಫಿ ಹಾಕಿದರು. ಅದನ್ನು ಪೂರ್ತಿ ಕುಡಿದೆ. ಗುಂಡಿಯನ್ನು ಅಲ್ಲೇ ಬಿಟ್ಟು, ಕರವಸ್ತ್ರವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಸ್ಟೇಷನ್ನಿನ ಕಡೆ ನಡೆದೆ.